ಆಚೆ ದಡದಲ್ಲಿ ಮಲಗಿದವರಿಗಾಗಿ ಒಂದು ದಿನದ ಸೇತುವೆ

ಸೇನಾ ಪುನಾರಚನೆಯ ಆಯುಕ್ತರೇ,

ನೀವು ಕೊಟ್ಟ ಮಾತು: ನಮ್ಮೂರು ಝಾಬ್ರೊದಿಯ ಸೇತುವೆ ದಳ ಎಲ್ಲಿಗೂ ಹೋಗುವುದಿಲ್ಲ. ಕೊಟ್ಟ ಇನ್ನೊಂದು ಮಾತು: ಪ್ರತಿ ವರ್ಷ ಸತ್ತವರ ದಿನದಂದು, ಕವಾಯತಿನ ಹೆಸರಿನಲ್ಲಿ, ಮೊರಾವಾ ನದಿಗೆ ತೇಲುಸೇತುವೆ ಹಾಕುತ್ತೇವೆ. ಈಗ ಬಂದ ಆದೇಶ: ದಳ ವಿಸರ್ಜನೆ, ತೇಲುಸೇತುವೆ ಮಿತ್ರರಾಷ್ಟ್ರಗಳ ಉಗ್ರಾಣಕ್ಕೆ, ಕವಾಯತು ರದ್ದು. ಮೈತ್ರಿಕೂಟಕ್ಕೆ ಕೊಟ್ಟ ಮಾತಿನಲ್ಲಿ ಮಾತ್ರ ಕೂದಲೆಳೆಯಷ್ಟೂ ಕಡಿತವಿಲ್ಲವಂತೆ. ಅಭಿನಂದನೆಗಳು.

ನಾನು ಸೇನೆಯ ಭಕ್ತಳಲ್ಲ. ಸಕ್ಕರೆ ಕಾರ್ಖಾನೆಯ ಹೆಂಗಸರನ್ನು ಕಟ್ಟಿಕೊಂಡು ಅದೇ ದಳದ ಬ್ಯಾರಕ್ಕಿನ ಗೇಟಿನ ಮುಂದೆ ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು. ಟ್ಯಾಂಕು ಕಡಿಮೆ ಮಾಡಿ, ಸಂತೋಷ. ಆದರೆ ಬಂದೂಕು ಹೊರುವವರಿಗಿಂತ ಮೊದಲು ಹಲಗೆ ಹೊರುವವರೇ ನಿಮಗೆ ಹೆಚ್ಚಾದರೇ?

ತೊಂಬತ್ತೇಳರ ಪ್ರವಾಹ ನಮ್ಮ ಕಲ್ಲುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಸ್ಮಶಾನ ಆಚೆ ದಡದಲ್ಲಿ ಉಳಿಯಿತು. ಹೊಸ ಸೇತುವೆ ಬೇಕೋ, ಶಾಲೆಗೆ ಚಾವಣಿ ಬೇಕೋ ಎಂದು ಜಿಲ್ಲೆಯವರು ಕೇಳಿದಾಗ ನಾವು ಚಾವಣಿಗೆ ಕೈ ಎತ್ತಿದೆವು. ಸೇತುವೆಗೆ ದಳದ ನಮ್ಮ ಹುಡುಗರಿದ್ದಾರಲ್ಲ ಎಂದುಕೊಂಡೆವು. ಎತ್ತಿದ ಕೈಗಳಲ್ಲಿ ನನ್ನದೂ ಒಂದು. ಸರ್ಕಾರದ ಮಾತನ್ನು ಸಿಮೆಂಟೆಂದು ನಂಬಿದ ತಪ್ಪು ನಮ್ಮದೇ.

ಆ ಹುಡುಗರಲ್ಲಿ ಒಬ್ಬ ರದಿಮ್, ಪಕ್ಕದ ಮನೆಯ ಬ್ಲಾಝೆನಾಳ ಮಗ. ಸತ್ತವರ ದಿನ ಮುದುಕಿಯರ ಕೈ ಹಿಡಿದು ಹಲಗೆ ದಾಟಿಸುತ್ತಿದ್ದ. ನಿಮ್ಮ ಮೈತ್ರಿಯ ಮಾತು ಉಳಿಸಲು ಬಾಲ್ಕನ್ ದೇಶಗಳ ಕಾವಲಿಗೆ ಹೋದ. ಪೆಟ್ಟಿಗೆಯಲ್ಲಿ ಬಂದ. ಅವನ ದಳದವರು ತುಂಬಿದ ನದಿಗೆ ಸೇತುವೆ ಹಾಕಿ, ಹೆಗಲು ಕೊಟ್ಟು ಅವನನ್ನು ಆಚೆ ದಾಟಿಸಿದರು.

ಕಳೆದ ತಿಂಗಳು ನಿಮ್ಮ ಲೆಫ್ಟಿನೆಂಟ್ ಸಾಹೇಬರು ವಿಸರ್ಜನೆಯ ವಿಷಯ ವಿವರಿಸಲು ನಕ್ಷೆ ಹಿಡಿದು ನಮ್ಮೂರಿನ ಬಿಯರ್ ಅಂಗಡಿಗೆ ಬಂದಿದ್ದರು. ಬ್ಲಾಝೆನಾ ಎದ್ದು ನಿಂತಳು.

"ಮಗಾ, ನನ್ ಹುಡುಗ ಆಚೆ ಕಡೆ ಇದಾನೆ. ನಾನು ಹೆಂಗಪ್ಪಾ ಹೋಗ್ಲಿ?"

"ಅಜ್ಜೀ, ನದಿಗುಂಟ ಕೆಳಗಡೆ ಹದಿನೇಳು ಕಿಲೋಮೀಟರಿಗೆ ಕಾಂಕ್ರೀಟ್ ಸೇತುವೆ ಇದೆಯಲ್ಲ."

"ಹೋಗೋಕೆ ಹದಿನೇಳು, ಆಚೆ ದಡದಲ್ಲಿ ವಾಪಸ್ ಬರೋಕೆ ಹದಿನೇಳು. ಆ ಕಡೆ ಬಸ್ಸೂ ಇಲ್ಲ. ನೀನು ಹೊತ್ಕೊಂಡು ಹೋಗ್ತೀಯಾ?"

"ಏನ್ಮಾಡೋದು ಅಜ್ಜೀ, ಮೈತ್ರಿಕೂಟದ ಬದ್ಧತೆ..."

ಅಂಗಡಿಯ ಒಟಕರ್ ಲೋಟ ಒರೆಸುತ್ತಲೇ ಅಂದ: "ಹಂಗಾದ್ರೆ ಬ್ಲಾಝೆನಾನ್ನೂ ಮೈತ್ರಿಕೂಟಕ್ಕೆ ಸೇರಿಸ್ಕೊಳ್ಳಿ ಸ್ವಾಮಿ. ಆಗಾದ್ರೂ ಸೇತುವೆ ಕಳಿಸ್ತೀರಾ?"

ಎಲ್ಲರೂ ನಕ್ಕರು. ಬ್ಲಾಝೆನಾ ನಗಲಿಲ್ಲ. "ಅವನು ಹೋಗೋವಾಗ ಯಾರೂ ದೂರ ಎಷ್ಟು ಅಂತ ಲೆಕ್ಕ ಹಾಕ್ಲಿಲ್ಲ" ಅಂದಳು. ನಿಮ್ಮ ಲೆಫ್ಟಿನೆಂಟ್ ನಕ್ಷೆ ಮಡಚಿಕೊಂಡರು.

ಈ ಮಾತಿಗೆ ನಿಮ್ಮ ಕಡತದಲ್ಲಿ ಉತ್ತರವಿದೆಯೇ? ದೂರದ ಗೆಳೆಯರಿಗೆ ಕೊಟ್ಟ ಮಾತು ಒಪ್ಪಂದ, ಮಗನನ್ನು ಕೊಟ್ಟವಳಿಗೆ ಕೊಟ್ಟ ಮಾತು ಬರೀ ಗಾಳಿಯೇ?

ನಮ್ಮ ಬೇಡಿಕೆ ಒಂದೇ. ಊರಿಗೆ ಕಾಯಂ ಸೇತುವೆ ಆಗುವ ತನಕ, ವರ್ಷಕ್ಕೆ ಒಂದು ದಿನ ಆ ತೇಲುಸೇತುವೆಯನ್ನು ಕಳಿಸಿ. ಹಲಗೆ ಜೋಡಿಸಲು ವಿಸರ್ಜನೆಗೊಂಡ ದಳದ ಹುಡುಗರು ಸಂಬಳವಿಲ್ಲದೆ ಬರುತ್ತೇವೆ ಎಂದಿದ್ದಾರೆ.

ಇಂತಿ,
ಹಿಂದೆ ನಿಮ್ಮ ಗೇಟಿನ ಮುಂದೆ ಕೂಗಿದವಳು, ಈಗ ಈಚೆ ದಡದಲ್ಲಿ ಕೈಕಟ್ಟಿ ನಿಂತವಳು,
ಲಿಬುಶೆ

ಊರಿನ ಮುಂದಿನ ಸಭೆ ನದಿ ದಂಡೆಯಲ್ಲೇ. ಬ್ಲಾಝೆನಾ ಎರಡು ದೀಪ ತರುತ್ತಾಳೆ: ಒಂದು ಮಗನಿಗೆ, ಇನ್ನೊಂದು ನೀವು ಮುಗಿಸಿದ ದಳಕ್ಕೆ. ಸತ್ತವರ ದಿನ, ನವೆಂಬರ್ ಎರಡು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ.