ಒಂದೇ ತೊಟ್ಟಿಗೆ ಬಿದ್ದ ಚಿಪ್ಪುಗಳು

ಬಿಟರ್ ಕ್ರೀಕ್, ಐಡಹೊ
11 ಮೇ 1958

ಹಟದಲ್ಲಿ ನನಗೆ ಸರಿಜೋಡಿಯಾದ ಓರಿನ್‌ಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಬರೆದಿದ್ದೀಯ. ಅದನ್ನು ನಾನು ನಂಬಿಲ್ಲ. ಆ ಮಾತು ಆಮೇಲೆ.

ನಿನ್ನ ಪತ್ರ ಮಂಗಳವಾರ ಬಂತು, ಸಾಲುಗಳೆಲ್ಲ ಒಂದರ ಮೇಲೊಂದು ಹತ್ತಿಕೊಂಡು. ನೆಲಮಾಳಿಗೆಯ ಮೇಜಿನಿಂದ ಗುಂಡು ಒತ್ತುವ ಪ್ರೆಸ್ಸು ಬಿಚ್ಚಿ, ಅಚ್ಚುಗಳಿಗೆ ಕುರಿಯುಣ್ಣೆಯ ಜಿಡ್ಡು ಸವರಿ, ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಕೂಸನ್ನು ಸುತ್ತಿದ ಹಾಗೆ ಸುತ್ತಿ, ನಿನಗೆ ಅಟ್ಟ ಬಿಟ್ಟುಕೊಟ್ಟಿರುವ ಎಸ್ಕಿಲ್ ಅವರ ಟ್ರಕ್ಕಿನಲ್ಲಿ ಕಳಿಸಬೇಕೆಂದು ಅಪ್ಪಣೆಯಾಗಿದೆ. ಜೂನ್ ತಿಂಗಳ ಗುರಿಪಂದ್ಯದಲ್ಲಿ ನೀನು ಸ್ವಂತ ಕೈಯಿಂದ ಒತ್ತಿದ ಗುಂಡುಗಳನ್ನು ಹಾರಿಸಿ, ಹೋದ ಸೆಪ್ಟೆಂಬರಿನಲ್ಲಿ ನಿನ್ನ ಮಾನ ಕಳೆದದ್ದು ಯಾರು ಎಂದು ಇಡೀ ಕ್ಲಬ್ಬಿಗೆ ತೋರಿಸುತ್ತೀಯಂತೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಕಳಿಸುವುದಿಲ್ಲ. ಕಾರಣ ಬೇಕಾದರೆ ಮುಂದಕ್ಕೆ ಹೋಗು. ಬೇಡವಾದರೂ ಹೋಗು. ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವಳು ಬರೆದ ಪತ್ರವನ್ನು ಅರ್ಧಕ್ಕೆ ಬಿಟ್ಟು ಎದ್ದ ಹುಡುಗ ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ಸೆಪ್ಟೆಂಬರಿನ ಕಥೆಯನ್ನು ನೀನು ಊರಿಗೆಲ್ಲ ಹೇಳಿದ್ದಾಗಿದೆ. ನನ್ನ ಕಡೆಯದನ್ನೂ ಒಮ್ಮೆ ಕೇಳು.

ಆ ಬೇಸಿಗೆ ನೀನು ಸಕ್ಕರೆ ಕಾರ್ಖಾನೆಯಿಂದ ಬೇಯಿಸಿದ ಬೀಟ್‌ಗೆಡ್ಡೆಯ ಹಾಗೆ ಸುಸ್ತಾಗಿ ಬರುತ್ತಿದ್ದೆ. ಕ್ಲಬ್ಬಿನ ಮೈದಾನದಲ್ಲಿ ಹುಡುಗರು ಹಾರಿಸಿ ಬಿಸಾಡಿದ ಪಾಯಿಂಟ್ ಇಪ್ಪತ್ತೆರಡು ಅಳತೆಯ ಸಣ್ಣ ತೋಟಾಗಳ ಹಿತ್ತಾಳೆ ಚಿಪ್ಪುಗಳನ್ನು ಆಯ್ದು ತರುವುದು ನಿನ್ನ ಕೆಲಸ. ಅವನ್ನು ತೊಳೆದು, ಕಾಯಿಸಿ ಮೆದುವಾಗಿಸಿ, ಒಳಗೆ ಸೀಸದ ತುಂಡಿಟ್ಟು ಅಚ್ಚಿನಲ್ಲಿ ಒತ್ತಿದರೆ ಆ ಚಿಪ್ಪೇ ಸೀಸಕ್ಕೆ ಜಾಕೆಟ್ಟಾಗುತ್ತದೆ, ಗುಂಡು ಸಿದ್ಧವಾಗುತ್ತದೆ. ಮನೆಯಲ್ಲಿ ನಿನ್ನ ಜಾಕೆಟ್ಟುಗಳನ್ನೆಲ್ಲ ಒಗೆಯುವವಳು ನಾನೇ ಅಲ್ಲವೆ, ಇವನ್ನೂ ಒಗೆದುಕೊಡೋಣ ಎಂದುಕೊಂಡೆ. ಹಿತ್ತಿಲ ಬಾಗಿಲಲ್ಲಿ ಎರಡು ಡಬ್ಬಿ ಚಿಪ್ಪು ಇತ್ತು. ಎರಡನ್ನೂ ಒಂದೇ ತೊಟ್ಟಿಗೆ ಸುರಿದು, ಸೋಪು ಹಾಕಿ, ಹೊಳೆಯುವಂತೆ ತಿಕ್ಕಿ ಒಣಗಿಸಿದೆ. ಒಂದು ಡಬ್ಬಿ ನಕ್ಷತ್ರದ ಗುರುತಿನ ಕಂಪನಿಯದು, ಇನ್ನೊಂದು ಕುದುರೆಲಾಳದ್ದು, ಅದರ ತಗಡು ಒಂದು ಕೂದಲಿನಷ್ಟು ಹೆಚ್ಚು ದಪ್ಪ ಎಂದು ನನಗೆ ಯಾರು ಹೇಳಿದ್ದರು? ನೀನು ಮಾತಾಡುತ್ತಿದ್ದದ್ದೇ ಬಂದೂಕಿನ ಜೊತೆ.

ಪಂದ್ಯದ ದಿನ ನಿನ್ನ ಐದು ಗುಂಡುಗಳು ಗುರಿಕಾಗದದ ಮೇಲೆ ಪ್ಯಾನ್‌ಕೇಕಿನಷ್ಟು ಅಗಲಕ್ಕೆ ಹರಡಿದವು. ಬೇರೆಯವರ ಐದು ಒಂದೇ ತೂತಿನಲ್ಲಿ ಹೋಗಿದ್ದವು. ನೀನು ಉಳಿದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದು ಗುಂಡಿನ ತಳವನ್ನು ಹೆಬ್ಬೆರಳಿಂದ ಸವರಿ ನೋಡಿದೆ. ಒಂದರಲ್ಲಿ ನಕ್ಷತ್ರ, ಮುಂದಿನದರಲ್ಲಿ ಕುದುರೆಲಾಳ. ಬೇರೆ ಮನೆಗಳಲ್ಲಿ ಹೆಂಡತಿ ಗಂಡನ ಕಾಲರಿನ ಮೇಲೆ ಪರರ ಲಿಪ್‌ಸ್ಟಿಕ್ ಕಂಡು ಸಂಸಾರ ಒಡೆಯುತ್ತದೆ. ನಮ್ಮದು ಗಂಡ ಗುಂಡಿನ ತಳದಲ್ಲಿ ಪರ ಕಂಪನಿಯ ಗುರುತು ಕಂಡು ಒಡೆಯಿತು. ಅಷ್ಟು ಜನರ ಮುಂದೆ ನೀನು ಅಂದ ಮಾತು ನನಗೆ ಇನ್ನೂ ಬಾಯಿಪಾಠ: "ಎರಡು ಕಂಪನಿ ಚಿಪ್ಪು ಒಂದೇ ತೊಟ್ಟಿಗೆ ಹಾಕೋಳ ಜೊತೆ ಒಂದೇ ಸೂರಿನಡಿ ಇರೋಕಾಗಲ್ಲ ನಂಗೆ." ಹಾಗೆ ಅಂದವನು ಎಸ್ಕಿಲ್ ಅವರ ಕಾರ್ಯಾಗಾರದ ಅಟ್ಟ ಸೇರಿದೆ. ಬಂದೂಕು ತೆಗೆದುಕೊಂಡು ಹೋದೆ. ಅಚ್ಚುಗಳನ್ನು ಬಿಟ್ಟುಹೋದೆ, ಏಕೆಂದರೆ ಅವು ಭಾರ, ಮತ್ತು ನಾನು ಮುಟ್ಟುವುದಿಲ್ಲವೆಂದು ನಿನಗೆ ಧೈರ್ಯ.

ಧೈರ್ಯ ಒಳ್ಳೆಯದೇ, ಓರಿನ್. ಆದರೆ ನಾನು ಮುಟ್ಟಿದೆ.

ಮೊದಲು ಸಿಟ್ಟಿನಿಂದ ಮುಟ್ಟಿದೆ. ಗುಜರಿಗೆ ಹಾಕಬೇಕೆಂದು ಎಸ್ಕಿಲ್ ಅವರನ್ನು ಕರೆಸಿದೆ. ಪಾಪ, ಆ ಅಚ್ಚುಗಳನ್ನು ಲೇತಿನಲ್ಲಿ ಕೊರೆದವರು ಅವರೇ. ಮಗುವನ್ನು ಅನಾಥಾಲಯಕ್ಕೆ ಬಿಡಲು ಬಂದವರ ಮುಖ ಮಾಡಿಕೊಂಡು ಮೇಜಿನ ಪಕ್ಕ ನಿಂತರು. ಕಾಫಿ ಕೊಟ್ಟು, ಗುಜರಿಗೆ ಹಾಕುವ ಮೊದಲು ಇದು ಏನು ಮಾಡುತ್ತದೆಂದು ಒಮ್ಮೆ ತೋರಿಸಿ ಎಂದೆ. ಅವರು ಸೀಸದ ತುಂಡನ್ನು ಚಿಪ್ಪಿನೊಳಗೆ ಕೂರಿಸಿ, ಹಿಡಿಕೆ ಇಳಿಸಿ, ಎತ್ತಿದರು. ಅಷ್ಟು ಹೊತ್ತು ಯಾರದೋ ಕಸವಾಗಿದ್ದದ್ದು ಅವರ ಅಂಗೈಯಲ್ಲಿ ಮೊನಚಾಗಿ, ನುಣ್ಣಗೆ, ಬೆಚ್ಚಗೆ ಕೂತಿತ್ತು. ನಾನೊಂದು ಮಾಡುತ್ತೇನೆ ಎಂದೆ. ಜಿಡ್ಡು ಸವರಲು ಮರೆತೆ. ಗುಂಡು ಮೂತಿ ಮೊನಚು ಮಾಡುವ ಅಚ್ಚಿನೊಳಗೆ ಕಚ್ಚಿಕೊಂಡು ಕೂತುಬಿಟ್ಟಿತು.

ಅಚ್ಚಿನಲ್ಲಿ ಗುಂಡು ಸಿಕ್ಕಿಸಿದವರು ಅದನ್ನು ದಾರಕ್ಕೆ ಪೋಣಿಸಿ ಪಂದ್ಯಗಳ ಋತು ಮುಗಿಯುವ ತನಕ ಕೊರಳಲ್ಲಿ ಹಾಕಿಕೊಳ್ಳಬೇಕೆಂಬುದು ನಿಮ್ಮ ಕ್ಲಬ್ಬಿನ ಕಟ್ಟಳೆಯಂತೆ. ಎಸ್ಕಿಲ್ ಒಂದು ಭಾನುವಾರವಿಡೀ ಕೂತು ಅದನ್ನು ಬಿಡಿಸಿ, ಬಹಳ ಗೌರವದಿಂದ ದಾರದ ಸಮೇತ ತಂದುಕೊಟ್ಟರು. ಹಾಕಿಕೊಂಡೆ. ಚರ್ಚಿಗೂ ಹಾಕಿಕೊಂಡು ಹೋದೆ. ಪಾದ್ರಿಗಳು ಇದು ಯಾವ ಸಂತನ ಗುರುತು ಎಂದು ಕೇಳಿದರು. ಮರೆವಿನ ಸಂತನದು ಎಂದೆ.

ಅಲ್ಲಿಂದ ನನಗೆ ಹಟ ಹಿಡಿಯಿತು. ಒಂದು ತೊಟ್ಟಿ ಬಟ್ಟೆಸೋಪು ಒಂದು ಮದುವೆಯನ್ನು ಕರಗಿಸಬಲ್ಲದೆ? ಬಲ್ಲದಾದರೆ ತಪ್ಪು ನನ್ನದು. ತಲೆ ತಗ್ಗಿಸಿ ಅಚ್ಚು ಕಳಿಸಿಬಿಡುತ್ತೇನೆ. ಇಲ್ಲವಾದರೆ ತಪ್ಪು ಎಲ್ಲಿದೆಯೆಂದು ನನಗೆ ತಿಳಿಯಬೇಕು. ಈ ಚಳಿಗಾಲವೆಲ್ಲ ನಾನು ಮಾಡಿದ್ದು ಅದೊಂದೇ. ಮೂರು ರಾಶಿ ಗುಂಡು ಒತ್ತಿದೆ: ಬರೀ ನಕ್ಷತ್ರ, ಬರೀ ಕುದುರೆಲಾಳ, ಮತ್ತು ಸೆಪ್ಟೆಂಬರಿನ ಹಾಗೆಯೇ ಎರಡೂ ಕಲಸಿದ್ದು. ಚಿಪ್ಪು ಕಾಯಿಸಿದ ಒಲೆಯಲ್ಲೇ ಸೇಬಿನ ಪೈ ಬೇಯಿಸಿದೆ. ಪಕ್ಕದ ಮನೆಯ ಆರ್ಫಾ ತಿಂದು, ಈ ಸಲ ಏನೋ ಗಟ್ಟಿತನ ಇದೆ ಎಂದಳು. ಕೈ ಬೊಕ್ಕೆ ಎದ್ದಿತು. ಗುಂಡು ಅಂದರೆ ನಿನಗೆ ಶನಿವಾರ ಸಂಜೆಯ ಸೀಸೆ ನೆನಪಾಗುತ್ತದೆ. ನನಗೆ ಈಗ ಬೆಳಗ್ಗೆ ಎದ್ದ ಕೂಡಲೇ ಸೀಸ.

ಹಾರಿಸಲು ಕಲಿಸಿದವರೂ ಎಸ್ಕಿಲ್ಲೇ. ನಿನಗೆ ಹೇಳದೆ ಕಲಿಸಿದರು. ಅವರ ಮೇಲೆ ಮುನಿಯಬೇಡ, ಊಟ ಹಾಕುವ ಮನೆ ಅದೊಂದೇ ಉಳಿದಿದೆ ನಿನಗೆ. ಮಾರ್ಚ್ ಕೊನೆಗೆ ಗಾಳಿ ನಿಂತ ಬೆಳಗಿನಲ್ಲಿ ಮೂರೂ ರಾಶಿಯನ್ನು ಅವರ ಬಂದೂಕಿನಿಂದ ಹಾರಿಸಿದೆವು, ಮೊದಲು ಅವರು, ಆಮೇಲೆ ನಾನು. ನಕ್ಷತ್ರದ ಐದು ಗುಂಡುಗಳ ತೂತನ್ನು ಒಂದು ಶರಟಿನ ಗುಂಡಿಯಿಂದ ಮುಚ್ಚಬಹುದಾಗಿತ್ತು. ಕುದುರೆಲಾಳದ್ದನ್ನೂ ಅಷ್ಟೆ. ಕಲಸಿದ ರಾಶಿಯದಕ್ಕೆ ಕೋಟಿನ ಗುಂಡಿ ಬೇಕಾಯಿತು. ಅಷ್ಟೇ, ಓರಿನ್. ಶರಟಿನ ಗುಂಡಿಗೂ ಕೋಟಿನ ಗುಂಡಿಗೂ ಇರುವ ಅಂತರ ನನ್ನ ಸೋಪಿನದು, ಅದನ್ನು ಒಪ್ಪಿಕೊಂಡೆ. ಆದರೆ ಕೋಟಿನ ಗುಂಡಿಯಿಂದ ಪ್ಯಾನ್‌ಕೇಕಿನ ತನಕದ ದಾರಿ ಬಹಳ ದೊಡ್ಡದು. ಅದು ನನ್ನದಲ್ಲ.

ಹಾಗಾದರೆ ನಿನ್ನ ಬಂದೂಕಿನದಿರಬಹುದು ಎಂದೆ. ಮುಂದಿನ ವಾರ ನೀನು ಕಾರ್ಖಾನೆಗೆ ಹೋದ ಮೇಲೆ ಎಸ್ಕಿಲ್ ಅದನ್ನು ಕಂಬಳಿಯಲ್ಲಿ ಸುತ್ತಿ ತಂದರು. ಕಲಸಿದ ರಾಶಿಯಿಂದಲೇ ಐದು ಹಾರಿಸಿದರು. ಕಾಗದದ ಹತ್ತಿರ ಹೋಗಿ ನೋಡಿ, ವಾಪಸು ಬಂದು ಇಷ್ಟೇ ಅಂದರು: "ಕೋಟಿನ ಗುಂಡಿ, ಐಡೆಲ್ಲಾ. ಬಂದೂಕು ಚೆನ್ನಾಗೇ ಇದೆ ಕಣಮ್ಮ."

ಗುಂಡು ನಿರಪರಾಧಿ. ಬಂದೂಕು ನಿರಪರಾಧಿ. ಕಟಕಟೆಯಲ್ಲಿ ಉಳಿದವನು ಒಬ್ಬನೇ. ಗೆದ್ದೆನೆಂದು ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ನೀನು ಬೇಕೆಂದೇ ನನ್ನ ಮೇಲೆ ಹೊರಿಸಿದೆಯೋ, ನಿನಗೇ ತಿಳಿದಿಲ್ಲವೋ ಎಂಬುದು ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಏಪ್ರಿಲಿನಲ್ಲಿ, ಮೈದಾನ ಚೊಕ್ಕಟ ಮಾಡುವ ದಿನ. ನೀನು ಗುರಿಯ ದಾರಿಯಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಬಾವುಟ ನೆಡುತ್ತಿದ್ದೆ. ನಾನು ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ನೇರ ನಿನ್ನ ಎದುರಿಗೇ ಬಂದೆ. ಆರು ತಿಂಗಳ ಮೇಲೆ ಮೊದಲ ಭೇಟಿ. ಏನೇನೋ ಬೈಗುಳ ವ್ಯಾಕರಣಬದ್ಧವಾಗಿ ಜೋಡಿಸಿಕೊಂಡಿದ್ದೆ. ನೀನು ಟೋಪಿ ತೆಗೆದು ನಗುತ್ತಾ, "ನಮಸ್ಕಾರ ಮೇಡಂ, ಒಳ್ಳೆ ಬಿಸಿಲು ಅಲ್ವಾ" ಎಂದು ಮುಂದೆ ಹೋದೆ. ಎಂಥ ತಣ್ಣನೆಯ ಅವಮಾನ, ಎಷ್ಟು ಕಲಿತುಬಿಟ್ಟ ಈ ಮನುಷ್ಯ ಎಂದುಕೊಂಡೆ. ಸಲಾಡು ಮೇಜಿನ ಮೇಲಿಟ್ಟು ಅಳಲು ಶೆಡ್ಡಿನ ಹಿಂದಕ್ಕೆ ಹೊರಟೆ. ಅಲ್ಲಿಂದ ನೋಡಿದರೆ, ನೀರಿನ ಟ್ಯಾಂಕಿನ ಕಂಬಕ್ಕೆ ಯಾರೋ ತೂಗುಹಾಕಿದ್ದ ಕೋಟಿಗೂ ಟೋಪಿಗೂ ನೀನು ಅಷ್ಟೇ ಮರ್ಯಾದೆಯಿಂದ ಟೋಪಿ ತೆಗೆದೆ. ಬಿಸಿಲಿನ ಮಾತೂ ಆಡಿದೆ.

ಅಳುವುದನ್ನು ಅಲ್ಲೇ ನಿಲ್ಲಿಸಿದೆ. ನಗುವುದಕ್ಕೂ ಆಗಲಿಲ್ಲ.

ಆಮೇಲೆ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ಗುಂಡಿನ ತಳವನ್ನು ನೀನು ಕಣ್ಣಿಂದ ಓದಲಿಲ್ಲ, ಹೆಬ್ಬೆರಳಿಂದ ಓದಿದೆ. ನನ್ನ ತೊಟ್ಟಿಯ ತಪ್ಪು ನಿನಗೆ ಎಷ್ಟು ಒಳ್ಳೆಯ ಹೊತ್ತಿನಲ್ಲಿ ಸಿಕ್ಕಿತಲ್ಲ! ಇಲ್ಲದಿದ್ದರೆ ಆ ದಿನ ಯಾರಿಗಾದರೂ ನಿಜ ಹೇಳಬೇಕಾಗುತ್ತಿತ್ತು. ಹೆಂಡತಿ ಕೆಟ್ಟವಳೆಂದರೆ ಗಂಡಸರು ಬೆನ್ನು ತಟ್ಟುತ್ತಾರೆ. ಕಣ್ಣು ಕೆಟ್ಟಿತೆಂದರೆ ಗುರಿ ಹೊಡೆಯುವವರ ಸಾಲಿನಿಂದ ಎಬ್ಬಿಸುತ್ತಾರೆ. ನೀನು ಸುಲಭದ್ದನ್ನು ಆರಿಸಿಕೊಂಡೆ. ನನ್ನ ಮೇಲೆ ಇಟ್ಟಿದ್ದು ಒಂದು ಥರದ ನಂಬಿಕೆಯೇ ಇರಬೇಕು, ಇವಳು ಹೊರುತ್ತಾಳೆ ಎಂದು. ಹೊತ್ತೆ. ಇನ್ನು ಇಳಿಸುತ್ತಿದ್ದೇನೆ.

ಅಚ್ಚು ಏಕೆ ಕಳಿಸುವುದಿಲ್ಲವೆಂದು ಈಗ ತಿಳಿಯಿತಲ್ಲ. ಕಳಿಸಿದರೆ ನೀನು ನಕ್ಷತ್ರದ ಚಿಪ್ಪನ್ನೇ ಹೆಬ್ಬೆರಳಿಂದ ಆರಿಸಿ, ಊರಲ್ಲೇ ಒಳ್ಳೆಯ ಗುಂಡು ಒತ್ತಿ, ಜೂನಿನಲ್ಲಿ ಸಾಲಿನಲ್ಲಿ ಕೂರುತ್ತೀ. ಆಗ ಪ್ಯಾನ್‌ಕೇಕು ಬಿದ್ದರೆ ಬೈಯಲು ಯಾರೂ ಇರುವುದಿಲ್ಲ. ಅದಾದರೂ ಹೋಗಲಿ, ಮಾನ ಮತ್ತೆ ಬರುತ್ತದೆ. ಗಾಳಿಬಾವುಟ ಸರಿಮಾಡಲು ಮುಂದೆ ಹೋದ ಮನುಷ್ಯ ನಿನಗೆ ಕಂಬದ ಹಾಗೆ ಕಂಡರೆ? ಆ ಗುಂಡಿಗೆ ಹಿಂದಕ್ಕೆ ಬರುವುದು ಗೊತ್ತಿಲ್ಲ. ಅದನ್ನು ನೆನೆಸಿಕೊಂಡರೆ ನನ್ನ ಗುಂಡಿಗೆ ನಿಲ್ಲುತ್ತದೆ. ಇದೊಂದರಲ್ಲಿ ನನ್ನ ಬಳಿ ತಮಾಷೆ ಇಲ್ಲ, ಓರಿನ್. ಪ್ರೆಸ್ಸಿನ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿಮಾಡಿಸಿದ್ದೇನೆ. ನೀನು ಶೆರಿಫ್ಫನ್ನು ಕರೆತಂದರೂ ಮೇಜಿನ ಸಮೇತ ಕಿತ್ತು ಒಯ್ಯಬೇಕು, ಮೇಜಿನ ಮೇಲೆ ನಾನು ಕೂತಿರುತ್ತೇನೆ.

ಇನ್ನು ನನ್ನ ಷರತ್ತು. ಬಾಯ್ಸಿಯ ಕಣ್ಣಿನ ಡಾಕ್ಟರಿಗೆ ನಿನ್ನ ಹೆಸರು ಕೊಟ್ಟಾಗಿದೆ, ಬರುವ ಗುರುವಾರ ಬೆಳಗ್ಗೆ. ಪೊರೆಯೋ ಮತ್ತೊಂದೋ ಅವರು ಹೇಳಲಿ. ಕುಯ್ಯಬೇಕೆಂದರೆ ಕುಯ್ಯಲಿ, ತಲೆಯ ಎರಡು ಪಕ್ಕ ಮರಳುಚೀಲವಿಟ್ಟು ಅಲುಗಾಡದೆ ಮಲಗಿಸುತ್ತಾರಂತೆ. ಮದುವೆಯಾದಂದಿನಿಂದ ನೀನು ನನ್ನ ಮಾತನ್ನು ತಲೆಯಾಡಿಸದೆ ಕೇಳುವ ಮೊದಲ ಅವಕಾಶ ಅದು, ನಾನು ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಅಲ್ಲಿಯ ತನಕ ಬಂದೂಕು ಎಸ್ಕಿಲ್ ಅವರ ಬೀರುವಿನಲ್ಲಿರಲಿ. ಟ್ರಕ್ಕನ್ನೂ ನೀನು ಓಡಿಸಬೇಡ.

ಜೂನ್ ಪಂದ್ಯಕ್ಕೆ ನಮ್ಮ ಮನೆಯ ಹೆಸರು ಬಿಟ್ಟುಹೋಗುತ್ತದೆಂದು ನೊಂದುಕೊಳ್ಳುವುದು ಬೇಡ. ಟಟಲ್ ಎಂದು ಆಗಲೇ ಬರೆಸಿದ್ದೇನೆ. ಅದಕ್ಕೆ ಮೊದಲು ಬರುವ ಅಕ್ಷರ ಮಾತ್ರ ನಿನ್ನ ‘ಓ’ ಅಲ್ಲ, ನನ್ನ ‘ಐ’. ಹೆಂಗಸು ಸಾಲಿನಲ್ಲಿ ಕೂರುವುದೇ ಎಂದು ಕ್ಲಬ್ಬಿನಲ್ಲಿ ಒಬ್ಬಿಬ್ಬರು ಗೊಣಗಿದರು. ಕೊರಳಿನ ದಾರ ತೋರಿಸಿ, ಕಟ್ಟಳೆ ನನಗೂ ಅನ್ವಯಿಸಿದ ಮೇಲೆ ಕುರ್ಚಿಯೂ ಅನ್ವಯಿಸುತ್ತದೆ ಎಂದೆ. ಬರೀ ನಕ್ಷತ್ರದ ಗುಂಡುಗಳನ್ನು ಹಾರಿಸುತ್ತೇನೆ. ಸೋತರೆ ಸೋಲುತ್ತೇನೆ, ಸೋಪಿನ ಮೇಲೆ ಹಾಕುವುದಿಲ್ಲ.

ಅಚ್ಚು ಬೇಕಾದರೆ ಅಚ್ಚಿರುವಲ್ಲಿಗೆ ಬಾ. ಹಿಡಿಕೆ ಎಳೆಯಲು ಕಣ್ಣು ಬೇಕಿಲ್ಲ, ನಿನ್ನ ಕೈಗೆ ಎಲ್ಲ ಗೊತ್ತಿದೆ. ಗುರುತು ನೋಡಿ ಚಿಪ್ಪು ಬೇರೆ ಮಾಡಲು ನಾನಿದ್ದೇನೆ. ಸಿಟ್ಟು ಇಳಿದಿಲ್ಲ, ಅದನ್ನು ಒಂದೇ ಸೂರಿನಡಿ ಕೂತು ಇಳಿಸೋಣ.

ಕಳಿಸುವುದಿಲ್ಲ ಎಂದು ಕೊನೆಯ ಸಲ ಹೇಳುತ್ತಾ,
ನಿನ್ನ,
ಐಡೆಲ್ಲಾ

ಮರೆತ ಮಾತು: ಎಸ್ಕಿಲ್, ಇದನ್ನು ಗಟ್ಟಿಯಾಗಿ ಓದುತ್ತಿರುವವರು ನೀವೇ ಎಂದು ಗೊತ್ತು. ಕನ್ನಡಕ ಎಲ್ಲೋ ಇಟ್ಟುಬಿಟ್ಟೆ ಎಂದು ಅವನು ಲಕೋಟೆಯನ್ನು ನಿಮ್ಮ ಕೈಗೆ ಕೊಟ್ಟಿರಬೇಕು. ಅವನಿಗೆ ಕನ್ನಡಕವೇ ಇಲ್ಲ. ಸಂಕೋಚಪಟ್ಟು ಬೈಗುಳಗಳನ್ನು ಹಾರಿಸಿದ್ದರೆ ದಯಮಾಡಿ ಮೊದಲಿನಿಂದ ಓದಿ. ಇಷ್ಟರ ಮೇಲೂ ಅವನು ಎದ್ದು ಹೋಗದೆ ಕೂತೇ ಇದ್ದರೆ, ಇವತ್ತೇ ಟ್ರಕ್ಕಿನಲ್ಲಿ ಕರೆತನ್ನಿ. ಮನೆಯೊಳಗೆ ಅವನ ಕೈ ಹಿಡಿಯುವುದು ಬೇಡ, ಅವನಿಗೆ ಆಗುವುದಿಲ್ಲ. ನೆಲಮಾಳಿಗೆಯ ಮೆಟ್ಟಿಲುಗಳ ಅಂಚಿಗೆಲ್ಲ ದಪ್ಪಗೆ ಬಿಳಿ ಬಣ್ಣ ಬಳಿದಿದ್ದೇನೆ. ಯಾಕೆಂದು ಕೇಳಿದರೆ, ಐಡೆಲ್ಲಾಗೆ ಈಚೆಗೆ ಸರಿಯಾಗಿ ಕಾಣುವುದಿಲ್ಲವಂತೆ ಎಂದುಬಿಡಿ.