ಎರಡನೇ ಪೀಪಾಯಿ

ಜನವರಿ 9, ಬೆಳಿಗ್ಗೆ 6
ಪೀಪಾಯಿ ತುಂಬಿಸೋ ದಿನ. ಹದಿನೈದು ದಿನಕ್ಕೆ ಎರಡು ಲೋಟದಷ್ಟು ವೈನು ಮರವೇ ಕುಡಿದುಬಿಡುತ್ತೆ. ಅಷ್ಟನ್ನು ಮತ್ತೆ ಸುರೀಬೇಕು, ಇಲ್ಲದಿದ್ರೆ ಗಾಳಿ ಸೇರಿ ಕೆಡುತ್ತೆ. ಮೇಲಿನ ತೋಟದ ಹಳೇ ಬಳ್ಳಿಗಳ ಶಾರ್ಡನೇ ದ್ರಾಕ್ಷಿದು, ಮೂರೇ ಪೀಪಾಯಿ. ಅದಕ್ಕೆ ಅದರದ್ದೇ ವೈನು, ಬೇರೆ ಒಂದು ಹನಿ ಕೂಡದು — ನಮ್ಮ ಯಜಮಾನರು ಇದ್ದಾಗಿನ ಕಟ್ಟುಪಾಡು. ಮುಗಿಸಿದೆ. ಸೊಂಟ ಹಿಡ್ಕೊಂಡಿದೆ. ದೀಪ ಹಾಕ್ಕೊಳ್ಳಿ ಅತ್ತೆ ಅಂದಳು ಸೊಸೆ. ನನ್ನ ಕಣ್ಣಿಗೇನು ದಾಡಿ ಅಂತ ಬೈದೆ.

ಜನವರಿ 10
ಪೀಪಾಯಿಗೆ ಸುರಿಯೋ ವೈನಿನ ಜಾಡಿ ತೊಳೆಯೋಕೆ ಹೋದೆ. ಕೆಳಗಿನ ತೋಟದ ಜಾಡಿ ಖಾಲಿ. ಆರು ವರ್ಷದ ಎಳೇ ಬಳ್ಳಿದು ಅದು. ಎರಡನೇ ಪೀಪಾಯಿಗೆ ಸುರಿದದ್ದು ಅದನ್ನೇ... ನಡುವೆ ಸೊಂಟ ನೀವಿಕೊಳ್ಳೋಕೆ ಜಾಡಿ ಕೆಳಗಿಟ್ಟೆ, ಎತ್ತಿಕೊಂಡದ್ದು ಪಕ್ಕದ್ದು. ಕತ್ತೆ ನಾನು.
ಸೊಸೆಗೆ ಹೇಳಿಲ್ಲ.

ಜನವರಿ 24
ದೀಪ ಹಾಕಿಕೊಂಡೇ ತುಂಬಿಸಿದೆ. ಏನ್ ವಿಶೇಷ ಅಂದಳು. ಸುಮ್ನಿರೇ ಅಂದೆ.

ಫೆಬ್ರವರಿ 17, ಮಧ್ಯಾಹ್ನ
ವೈನು ಕೊಳ್ಳುವವನು ಬಂದಿದ್ದ. ಉದ್ದಮೂಗ ಅಂತ ನಾನಿಟ್ಟ ಹೆಸರು. ಅವನು ಒಪ್ಪಿದರೆ ಹಳೇ ಬಳ್ಳಿ ಉಳಿಯುತ್ತೆ, ಇಲ್ಲದಿದ್ರೆ ಈ ಸಲ ಕಿತ್ತು ಹೊಸ ಸಸಿ ಅಂತ ಸೊಸೆ ಮೊದಲೇ ಹೇಳಿದ್ದಾಳೆ. ನಾವಿಬ್ಬರೂ ಕೈಯಾರೆ ನೆಟ್ಟದ್ದು ಅದು. ಯಜಮಾನರು ಹೋದ್ರು, ಬಳ್ಳಿ ಇದೆ.
ಒಂದನೇದು ರುಚಿ ನೋಡಿ ಉಗಿದ, ರುಚಿ ನೋಡೋರ ಪದ್ಧತಿನೇ ಅದು. ಮೂರನೇದೂ ಉಗಿದ. ಎರಡನೇದು ನುಂಗಿಬಿಟ್ಟ.
"ಹಳೇ ಬೇರು ಮಾತಾಡ್ತಿರೋದು ಇದರಲ್ಲಿ."
ಮಾತಾಡ್ತು, ನಿನ್ನ ತಲೆ. ನಾನೂ ಬಾಯಿಗೆ ಹಾಕ್ಕೊಂಡೆ. ಸುಟ್ಟ ಬೆಣ್ಣೆ, ಹಸಿ ಸೇಬು, ಕೊನೇಲಿ ಕಲ್ಲು ನೆಕ್ಕಿದ ಹಾಗೆ. ನನಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅದಕ್ಕೇ ಇನ್ನೂ ಸಿಟ್ಟು. ಕೊಟ್ರೆ ಮೂರೂ ಕೊಡಿ, ಕಮ್ಮಿ ಆದ್ರೆ ಬೇಡ ಅಂದು ಹೋದ.

ಫೆಬ್ರವರಿ 20
ಲೇಬಲ್ ಬಂತು. 'ಈ ಒಂದೇ ತೋಟದ ಬಳ್ಳಿಗಳಿಂದ ಮಾತ್ರ.' ಕೆಳಗೆ ನನ್ನ ಹೆಸರು. ಸೊಸೆ ನನ್ನ ಕೇಳದೇ ಹಾಕಿಸಿದ್ದಾಳೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಹೆಸರು ಅಚ್ಚಿನಲ್ಲಿ. ಅದೂ ಸುಳ್ಳಿನ ಕೆಳಗೆ.

ಫೆಬ್ರವರಿ 21
ಸೊಸೆಗೆ ಹೇಳಿಬಿಟ್ಟೆ. ಎರಡನೇದರಲ್ಲಿ ಕೆಳಗಿನ ತೋಟ ಸೇರಿದೆ, ನಾನೇ ಸುರಿದೆ ಅಂದೆ. ಎಷ್ಟು ಅಂದಳು. ಎರಡು ಲೋಟ.
"ಎರಡು ಲೋಟಕ್ಕೆ ಆರು ವಾರ ನನ್ನ ತಲೆ ತಿಂದ್ರಲ್ಲ ಅತ್ತೆ."
ಎದ್ದು ಹೋಗಿ ಎರಡನೇದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದಳು. ಉದ್ದಮೂಗನಿಗೆ ಫೋನ್ ಮಾಡಿದಳು. ಎರಡೇ ಆದ್ರೆ ಬೇಡ ಅಂದನಂತೆ. ಆಮೇಲೆ ಶೆಡ್ಡಿಗೆ ಹೋದಳು. ಗರಗಸ ಇರೋದು ಅಲ್ಲೇ.

ಫೆಬ್ರವರಿ 22, ಬೆಳಿಗ್ಗೆ 7
ಕಿಟಕಿಯಿಂದ ಕಾಣ್ತಿದೆ. ಮೇಲಿನ ತೋಟದಲ್ಲಿದ್ದಾಳೆ. ಕೈಯಲ್ಲೇನೋ ಇದೆ. ಹಾಳು ಕನ್ನಡಕ...
ಕತ್ತರಿ. ಪಕ್ಕದಲ್ಲಿ ಇನ್ನೊಂದು, ಬೇಲಿಗೆ ನೇತುಹಾಕಿದ್ದಾಳೆ — ಕೆಂಪು ಹಿಡಿಕೆಯದು, ನನ್ನದು.
ಮೊದಲನೇ ಸಾಲು ಸವರ್ತಿದ್ದಾಳೆ. ಕೀಳೋ ಬಳ್ಳಿನ ಯಾರೂ ಸವರಲ್ಲ. ಕಡ್ಡಿಗೆ ಎರಡು ಚಿಗುರುಗಣ್ಣು ಬಿಡಬೇಕಾದ ಕಡೆ ಮೂರು ಬಿಡ್ತಿದ್ದಾಳೆ, ಎಷ್ಟು ಸಲ ಹೇಳೋದು. ಬೂಟು ಎಲ್ಲಿಟ್ಟೆ —