ಗಂಟೆ ಬಾರಿಸುವವರೆಗೆ

ಜೂನ್ 9, ಸೋಮವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ತಪ್ಪುಗಳೂ ಇರುತ್ತವೆ. ಓದಿದ್ದು ಐದನೇ ಕ್ಲಾಸು. ಇದನ್ನು ಯಾರೂ ನೋಡುವುದಿಲ್ಲ, ಆದರೂ ಕ್ಷಮೆ ಕೇಳಿಬಿಡುತ್ತೇನೆ. ಬಾಯಿ ಬಿಟ್ಟರೆ ನನಗೆ ಮೊದಲು ಬರುವ ಮಾತೇ ಅದು.

ಎಂದಿನಂತೆ ಹದಿನೆಂಟು ಚಾಪೆ ಹಾಸಿದೆ. ಆರು ಮೂಗು ಒರೆಸಿದೆ. ನರ್ಸರಿ ಆಯಾ ಕೆಲಸ ಅಂದರೆ ಇಷ್ಟೇ — ಮೇಲಿನದು ಒರೆಸು, ಕೆಳಗಿನದು ತೊಳೆ. ಇವತ್ತು ಧ್ಯಾನದ ಮಿಸ್ ಅಂತ ಹೊಸಬರು ಬಂದಿದ್ದಾರೆ. ನಾಲ್ಕು ವರ್ಷದ ಮಕ್ಕಳು ಕಣ್ಣು ಮುಚ್ಚಿ ಉಸಿರು ನೋಡಬೇಕಂತೆ. ಪುಟ್ಟ ಕಂಚಿನ ಗಂಟೆ ಒಮ್ಮೆ ಬಾರಿಸಿದರೆ ಶುರು, ಇನ್ನೊಮ್ಮೆ ಬಾರಿಸಿದರೆ ಮುಗಿಯಿತು. ನಡುವೆ ಯಾರೂ ಮಾತಾಡಬಾರದು, ಏಳಬಾರದು. ಆಯಾ ಕೂಡ.

"ಉಸಿರು ಎಲ್ಲಿದೆ, ನೋಡಿ," ಅಂದರು.

"ಕಣ್ ಮುಚ್ಕೊಂಡು ಹೆಂಗ್ ನೋಡೋದು ಮಿಸ್?"

ಇನ್ನಾರು, ಪಟಾಕಿ. ಹೆಸರಿಟ್ಟವಳು ನಾನೇ. ನಗು ತಡೆಯಲಾಗದೆ ಬಕೆಟ್ ಎತ್ತಿಕೊಂಡು ಹೊರಗೆ ಓಡಿದೆ.

ಜೂನ್ 12

ಪಟಾಕಿಗೆ ಮೂತ್ರ ಬಂದರೆ ಮೊದಲು ಕಾಲಿನ ಹೆಬ್ಬೆರಳು ಮಡಚುತ್ತದೆ. ಆಮೇಲೆ ಕೂಗು — "ಆಯಾ, ಸೂಸೂ!" ಇವತ್ತು ಧ್ಯಾನದ ನಡುವೆ ಕೂಗಿದಳು. ಎದ್ದೆ. ಮಿಸ್ ಕೈ ಅಡ್ಡ ಹಿಡಿದರು, ನಗುನಗುತ್ತಲೇ.

"ಅದು ಬರೀ ಮನಸ್ಸಿನ ಚೇಷ್ಟೆ, ಪುಟ್ಟಾ. ಗಂಟೆ ಬಾರಿಸೋವರೆಗೂ ಸುಮ್ನೆ ಅದನ್ನ ನೋಡ್ತಾ ಇರು."

ಚಾಪೆ ಒದ್ದೆ. ಮಕ್ಕಳೆಲ್ಲ ನಕ್ಕವು.

"ಮೊದಲೇ ಕರ್ಕೊಂಡು ಹೋಗೋಕೆ ಏನಮ್ಮಾ ನಿನಗೆ?"

ಧ್ಯಾನಕ್ಕೆ ಮುಂಚೆಯೇ ಕರೆದುಕೊಂಡು ಹೋಗಿದ್ದೆ. ಆದರೂ "ಕ್ಷಮಿಸಿ ಮಿಸ್" ಅಂದೆ. ಮನಸ್ಸಿನ ಚೇಷ್ಟೆಯನ್ನು ಫಿನಾಯಿಲ್ ಹಾಕಿ ಒರೆಸಿದೆ.

ಇನ್ನು ಈ ಪುಸ್ತಕದಲ್ಲಿ ಧ್ಯಾನದ ಮಿಸ್‌ಗೆ 'ಅವರು' ಇಲ್ಲ. ಅವಳು.

ಜೂನ್ 20

ಪಟಾಕಿ ನೀರು ಕುಡಿಯುತ್ತಿಲ್ಲ. ಬಾಟಲಿ ತಂದ ಹಾಗೇ ವಾಪಸ್.

"ಕುಡಿದ್ರೆ ಚಾಪೆ ಒದ್ದೆ ಆಗತ್ತೆ ಆಯಾ," ಅಂದಳು. ಕಿವಿಯಲ್ಲಿ. ಪಟಾಕಿ... ಪಿಸುಗುಟ್ಟುವುದು!

ಅವಳು ಮಗುವಿನ ಎದೆಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದ್ದಾಳೆ. ಕದಲದ ಮಗು ಅಂತೆ. ಗೇಟಿನ ಹತ್ತಿರ ತಾಯಿ ಬೇರೆ — "ಮನೇಲೂ ಎಷ್ಟು ಶಾಂತ ಆಗ್ಬಿಟ್ಟಿದ್ದಾಳೆ ಗೊತ್ತಾ ಮಿಸ್!" ಅವಳು ಬೀಗಿದಳು. ಮೈಯೆಲ್ಲ ಉರಿಯಿತು ನನಗೆ.

ಅಡುಗೆಯಕ್ಕ ಪಾತ್ರೆ ಕುಕ್ಕಿದರು. "ನಿನ್ ಪಟಾಕಿ ಠುಸ್ ಆಯ್ತಲ್ಲೇ. ನೀನಂತೂ ಹುಟ್ಟಾ ಠುಸ್. ಬಾಯಿಗೇನು ಗೋಂದು ಹಚ್ಕೊಂಡಿದೀಯಾ?"

ಜುಲೈ 1

ಎಂಟು ದಿನದಿಂದ ಪಟಾಕಿ ಇಲ್ಲ. ಚಳಿಜ್ವರ. ತಾಯಿ ಬಂದು ಹೇಳಿದರು — ಮೂತ್ರ ತಡೆದು ತಡೆದು ಸೋಂಕು ಆಗಿದೆಯಂತೆ. ಮತ್ತೆ ಆದರೆ ಆಸ್ಪತ್ರೆಗೇ ಸೇರಿಸಬೇಕಂತೆ.

"ಕೇಳಿದಾಗೆಲ್ಲ ಬಿಡ್ಬೇಕಂತೆ ಮಿಸ್."

"ಖಂಡಿತ. ಆಯಾ, ಕೇಳಿಸ್ತಲ್ಲ?"

ಕೇಳಿದಾಗ! ಕೇಳುವುದನ್ನೇ ಮರೆಸಿ ಕೂರಿಸಿದ್ದಾಳಲ್ಲ ಮಹಾತಾಯಿ. ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಥೂ ನನ್ನ.

ಜುಲೈ 3, ಬೆಳಿಗ್ಗೆ 11

ಪಟಾಕಿ ಬಂದಳು. ಕೈ ಕಡ್ಡಿಯಾಗಿದೆ. ಶಾಲೆ ನಡೆಸುವ ದೊಡ್ಡ ಮಿಸ್ ಧ್ಯಾನ ನೋಡಲು ಬಂದಿದ್ದರು, ಅದಕ್ಕೇ ಅವಳು ಪಟಾಕಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. "ಇವಳನ್ನ ನೋಡಿ ಮೇಡಂ, ಕಲ್ಲಿನ ಥರ ಕೂರ್ತಾಳೆ."

ಗಂಟೆ ಬಾರಿಸಿದಳು. ಎಲ್ಲರ ಕಣ್ಣೂ ಮುಚ್ಚಿತು, ನನ್ನದು ಬಿಟ್ಟು.

ಹೆಬ್ಬೆರಳು ಮಡಚಿತು. ಪಟಾಕಿ ಬಾಯಿ ತೆರೆಯಲಿಲ್ಲ. ತುಟಿ ಕಚ್ಚಿಕೊಂಡು ಕುಳಿತಿತ್ತು ಮಗು. ನಾನೂ ಬಾಯಿ ತೆರೆಯಲಾರೆ — ಅದು ನನ್ನಿಂದ ಆಗುವ ಕೆಲಸವೇ ಅಲ್ಲ. ಒರೆಸುವ ಬಟ್ಟೆ ಹೆಗಲ ಮೇಲಿದ್ದ ಹಾಗೇ ಸಾಲು ದಾಟಿ ಹೋದೆ. ಗಂಟೆ ಅವಳ ಮಂಡಿಯ ಪಕ್ಕದಲ್ಲಿತ್ತು.

ಮಕ್ಕಳು ದಡಬಡ ಎದ್ದವು. ಪಟಾಕಿ ಬಚ್ಚಲಿಗೆ ಓಟ.

"ಯಾರು ಬಾರ್ಸಿದ್ದು?"

ಗಂಟೆ ನನ್ನ ಕೈಯಲ್ಲೇ ಇತ್ತು. ಕ್ಷಮಿಸಿ ಅನ್ನಲಿ ಎಂದು ಕಾದಳು. ಕಾದಳು, ಕಾದಳು...

ದೊಡ್ಡ ಮಿಸ್ ರೂಮಿಗೆ ಕರೆಯುತ್ತಿದ್ದಾರೆ. ಹೋಗುವ ಮುಂಚೆ ಬರೆದಿಡುತ್ತೇನೆ. ಇವತ್ತು ಬೆಳಿಗ್ಗೆ ಗಂಟೆ ಬಾರಿಸಿದೆ. ಜೋರಾಗಿಯೇ —